ಗುಡ್ಡದ ಮೇಲೆ ಒಣಗಿದ ಮೀನು

ಕೊಲುಂಗ ದಂಡೆಗೆ ಮೊದಲು ಬಂದದ್ದು ಬೋರ್ಡು, ಕರೆಂಟು ಬಂದದ್ದು ಆಮೇಲೆ. ಹೋಮಾ ಬೇ ಪಟ್ಟಣದಿಂದ ಬರುವ ಕೆಮ್ಮಣ್ಣಿನ ರಸ್ತೆ ಸರೋವರದ ಕಡೆಗೆ ಇಳಿಯುವ ತಿರುವಿನಲ್ಲಿ ಎರಡು ಕಂಬ ನೆಟ್ಟು, ನೀಲಿ ಬಣ್ಣದ ಹಲಗೆಯ ಮೇಲೆ 'ಸ್ಮಾರ್ಟ್ ವಿಲೇಜ್ ಕೊಲುಂಗ' ಎಂದು ಬರೆದು ಹೋದರು. ಬಹಳ ದಿನ ಆ ಬೋರ್ಡಿನ ನೆರಳು ಮೇಕೆಗಳಿಗೆ ಬಿಟ್ಟರೆ ಬೇರೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಕೊನೆಗೊಂದು ದಿನ ನೈರೋಬಿಯಿಂದ ಯೋಜನೆಯವರು ಬಂದರು. ಅವರ ಪರವಾಗಿ ಮಾತಾಡಿದವಳು ನ್ಯೋಕಾಬಿ ಎಂಬ ಹುಡುಗಿ. ಕನ್ನಡಕ ಹಾಕಿದ್ದಳು, ನಗುಮುಖದವಳು, ಮರಳಿನಲ್ಲಿ ನಡೆಯಲು ಬಾರದೆ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಳು. ದಂಡೆಯ ಅತ್ತಿಮರದ ಕೆಳಗೆ ಊರವರನ್ನೆಲ್ಲ ಕೂರಿಸಿ, ಗುಡ್ಡದ ಮೇಲೆ ಸೋಲಾರ್ ಪ್ಯಾನಲ್ ಹಾಕಿ ಊರಿಗೆ ಕರೆಂಟು ಕೊಡುತ್ತೇವೆ, ಆ ಕರೆಂಟಿನಲ್ಲಿ ನಿಮಗೆ ಏನೇನು ಬೇಕು ಹೇಳಿ, ಎಂದು ಕೇಳಿದಳು. ಗಂಡಸರು ಒಬ್ಬೊಬ್ಬರಾಗಿ ಎದ್ದರು. ದಂಡೆಗೆ ದೀಪ ಬೇಕು. ಫುಟ್‌ಬಾಲ್ ನೋಡಲು ದೊಡ್ಡ ಟಿ.ವಿ. ಬೇಕು. ಫೋನ್ ಚಾರ್ಜಿಗೆ ಅಂಗಡಿ ಬೇಕು.

ಹೆಂಗಸರ ಸಾಲಿನಿಂದ ಎದ್ದವಳು ಅಪೋಂಡಿ. ಗಂಡ ತೀರಿಕೊಂಡ ಮೇಲೆ ಮೀನು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದವಳು.

"ಐಸ್ ಬೇಕು" ಎಂದಳು.

ಹಿಂದಿನಿಂದ ಯಾರೋ "ಸೋಡಾಕ್ಕೆ ಹಾಕ್ಕೊಂಡು ಕುಡಿಯೋಕಾ ಅಕ್ಕ?" ಎಂದ. ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ಐಸ್ ಯಾಕೆ ಎಂದು ಅವರಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಕೊಲುಂಗದಲ್ಲಿ ದೋಣಿ ಗಂಡಸರದು, ಮಾರಾಟ ಹೆಂಗಸರದು. ಬೆಳಿಗ್ಗೆ ದೋಣಿ ದಡ ಮುಟ್ಟಿದರೆ ಹೊತ್ತು ಏರುವುದರೊಳಗೆ ಮೀನು ಕೈ ಬದಲಾಗಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಹೆಂಗಸರು ಬಹಳ, ಮೀನು ಕಡಿಮೆ. ಯಾರಿಗೆ ಕೊಡಬೇಕೆಂದು ಆರಿಸುವವನು ದೋಣಿಯವನು. ದುಡ್ಡು ಹಿಡಿದು ನಿಂತರಷ್ಟೇ ಸಾಲದು. ಸಂಜೆ ಅವನ ಗುಡಿಸಲಿಗೆ ಹೋಗಿಬರುವವಳ ಬುಟ್ಟಿ ಮೊದಲು ತುಂಬುತ್ತಿತ್ತು. ಅಂಥ ದೋಣಿಯವನನ್ನು ಅವಳ 'ಜಬೋಯ' ಎನ್ನುತ್ತಿದ್ದರು, ಅಳಿಯ ಎಂದೋ ಭಾವ ಎಂದೋ ಹೇಳುವಷ್ಟು ಸಲೀಸಾಗಿ. ಗಂಡ ಸತ್ತ ಮೊದಲ ವರ್ಷ ಅಪೋಂಡಿಗೂ ಒಬ್ಬ ಜಬೋಯ ಇದ್ದ. ಆಮೇಲೆ ಒಂದು ಬೆಳಿಗ್ಗೆ ಅವಳು ಖಾಲಿ ಬುಟ್ಟಿ ಹೊತ್ತು ಮನೆಗೆ ವಾಪಸ್ಸು ಬಂದಳು, ಮತ್ತೆ ಅವನ ಗುಡಿಸಲ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಅವಳಿಗೆ ಸಿಗುತ್ತಿದ್ದದ್ದು ಎಲ್ಲರೂ ಕೊಂಡು ಮಿಕ್ಕ ಮೀನು, ಇಲ್ಲವೇ ಒಮೆನಾ ಎನ್ನುವ ಬೆರಳುದ್ದದ ಸಣ್ಣ ಮೀನು. ಐಸ್ ನಮ್ಮ ಕೈಯಲ್ಲಿದ್ದರೆ ಅವಸರ ಅವರದಾಗುತ್ತದೆ, ನಾವು ಚೌಕಾಸಿ ಮಾಡಬಹುದು ಎಂಬುದು ಅವಳ ತಲೆಯಲ್ಲಿ ಎಷ್ಟೋ ದಿನದಿಂದ ಕೂತಿತ್ತು.

ಪ್ಯಾನಲ್ ಹಾಕಲು ನೆರಳಿಲ್ಲದ ಜಾಗ ಬೇಕಿತ್ತು. ಊರಿನಲ್ಲಿ ಅಂಥ ಜಾಗ ಒಂದೇ: ಅಪೋಂಡಿಯ ಗಂಡನ ಪಾಲಿನ ಗುಡ್ಡದ ಇಳಿಜಾರು. ನ್ಯೋಕಾಬಿ ಅವಳನ್ನೇ ಕೇಳಿದಳು.

"ಕೊಡ್ತೀನಿ. ಆದ್ರೆ ಐಸ್ ಮಾಡೋ ಯಂತ್ರ ಹೆಂಗಸರ ಕೈಲಿರಬೇಕು. ಈ ಮಾತು ಎಲ್ಲರ ಮುಂದೆ ಆಗ್ಬೇಕು" ಎಂದಳು ಅಪೋಂಡಿ.

ನ್ಯೋಕಾಬಿ ಒಪ್ಪಿದಳು. ದಂಡೆ ಸಮಿತಿಯ ಅಧ್ಯಕ್ಷ ಒಂಡಿಯೆಕ್ ಕೂಡ "ಆಗಲಿ, ಆಗಲಿ" ಎಂದ. ಅವನು ಅಪೋಂಡಿಯ ಗಂಡನ ಅಣ್ಣ. ತಮ್ಮ ಸತ್ತಾಗ ಅವನ ಹೆಂಡತಿಯನ್ನು ಪದ್ಧತಿಯಂತೆ ತನ್ನ ಮನೆ ತುಂಬಿಸಿಕೊಳ್ಳಲು ಬಂದು, "ನನ್ನ ಮನೆಗೆ ಬಾಗಿಲು ನಾನೇ ಹಾಕ್ಕೋತೀನಿ ಭಾವ" ಎಂಬ ಉತ್ತರ ತೆಗೆದುಕೊಂಡು ಹೋಗಿದ್ದವನು. ಆ ಮಾತನ್ನು ಅವನು ಮರೆತಿರಲಿಲ್ಲ. ಅವನ ಅವ್ವನೂ ಮರೆತಿರಲಿಲ್ಲ. ಅತ್ತೆ ಆಮೇಲೆ ಸೊಸೆಯ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

ಮಳೆಗಾಲ ಕಳೆಯುವುದರೊಳಗೆ ಗುಡ್ಡದ ಮೇಲೆ ಪ್ಯಾನಲ್ ಸಾಲು ಎದ್ದಿತು, ಸುತ್ತ ತಂತಿಬೇಲಿ ಬಂತು, ದಂಡೆಯಲ್ಲಿ ಗಂಡಸರು ಕೇಳಿದ್ದ ಟಿ.ವಿ. ಮನೆಯೂ ಬಿಳಿ ಬಣ್ಣದ ಐಸ್ ಮನೆಯೂ ಎದ್ದವು. ಉದ್ಘಾಟನೆಗೆ ಜಿಲ್ಲೆಯ ದೊಡ್ಡವರು ಬಂದರು, ಶಾಲೆಯ ಮಕ್ಕಳು ಹಾಡಿದರು. ಕೊನೆಗೆ ಐಸ್ ಮನೆಯ ಬೀಗದ ಕೈ ಹಸ್ತಾಂತರ. ಕೈ ಚಾಚಿ ತೆಗೆದುಕೊಂಡವನು ಒಂಡಿಯೆಕ್. ಹೆಂಗಸರ ಸಂಘಕ್ಕೆ ಬಕೆಟ್ಟು, ಉದ್ದ ಹಿಡಿಯ ಬ್ರಷ್ಷು, ಗುಡ್ಡದ ಬೇಲಿಯ ಬೀಗದ ಕೈ ಕೊಟ್ಟರು. ಪ್ಯಾನಲ್ ಮೇಲೆ ಕೂರುವ ಧೂಳು ಒರೆಸುವುದು ಹೆಂಗಸರ ಪಾಲುದಾರಿಕೆ ಎಂದು ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು.

ಅಪೋಂಡಿ ಭಾವನ ಎದುರಿಗೆ ಹೋಗಿ ನಿಂತಳು. "ಮಾತು ಬೇರೆ ಆಗಿತ್ತಲ್ಲ?"

"ನೋಡು ಸೆಮೆಯವಳೇ" ಎಂದ ಒಂಡಿಯೆಕ್. ಸೆಮೆ ಅವಳ ತವರೂರು. ಅವಳು ಹೊರಗಿನವಳೆಂದು ನೆನಪಿಸಬೇಕಾದಾಗಲೆಲ್ಲ ಅವನು ಹಾಗೇ ಕರೆಯುತ್ತಿದ್ದ. "ಯಂತ್ರ ಅಂದ್ರೆ ಜವಾಬ್ದಾರಿ. ಕೆಟ್ಟೋದ್ರೆ ನೀನು ರಿಪೇರಿ ಮಾಡ್ತೀಯಾ?"

"ನೀವು ಮಾಡ್ತೀರಾ?"

ಅವನು ದೊಡ್ಡವರ ಕಾರಿನ ಕಡೆ ನಡೆದ. ನ್ಯೋಕಾಬಿ ಅವಳ ಮೊಣಕೈ ಹಿಡಿದು ತಗ್ಗಿದ ದನಿಯಲ್ಲಿ, "ಸಮಿತಿ ಅಂದ್ರೆ ಇಡೀ ಊರೇ ಅಲ್ವಾ ಅಕ್ಕ, ನಿಮಗೂ ಐಸ್ ಸಿಗುತ್ತೆ" ಎಂದಳು.

"ಸಮಿತೀಲಿ ಒಬ್ಬ ಹೆಂಗಸಿನ ಹೆಸರು ಹೇಳು ತಂಗಿ."

ನ್ಯೋಕಾಬಿ ಕನ್ನಡಕ ತೆಗೆದು ಒರೆಸಿಕೊಂಡಳು.

ಐಸ್ ಬಂದ ಮೇಲೆ ಹೆಂಗಸರ ಪಾಡು ಮೊದಲಿಗಿಂತ ಕೆಟ್ಟಿತು. ಮೊದಲು ಹೊತ್ತು ಏರಿದರೆ ದೋಣಿಯವರೇ ಕೂಗಿ ಕರೆದು ಮಿಕ್ಕದ್ದನ್ನು ಕೊಡುತ್ತಿದ್ದರು. ಈಗ ಜಿಲೇಬಿ ಮೀನೆಲ್ಲ ನೇರ ಐಸ್ ಪೆಟ್ಟಿಗೆಗೆ ಹೋಗಿ, ಕಿಸುಮುವಿನಿಂದ ಬರುವ ಲಾರಿಗಾಗಿ ಕಾಯುತ್ತಿತ್ತು. ದಡದಲ್ಲಿ ಹೆಂಗಸರು ಬುಟ್ಟಿ ಮಗುಚಿ ಅದರ ಮೇಲೆ ಕೂತಿರುತ್ತಿದ್ದರು. ಒಮೆನಾ ಮಾತ್ರ ಅವರಿಗೆ ಉಳಿಯಿತು. ಅದನ್ನು ಬಿಸಿಲಿಗೆ ಹರಡಿ, ತಿರುವಿ, ಕೋಳಿ ಓಡಿಸಿ ಒಣಗಿಸುವಷ್ಟು ತಾಳ್ಮೆ ಗಂಡಸರಿಗಿರಲಿಲ್ಲ.

ಅಪೋಂಡಿಯ ಗೆಳತಿ ಪೆರೆಸ್‌ಗೆ ಒಗ್ವೆನೊ ಎಂಬ ದೋಣಿ ಮಾಲೀಕ ಜಬೋಯ. ಅವಳಿಗೆ ಅವನು ಇಷ್ಟವೆಂದಲ್ಲ. ಕೂಸು ಬೆನ್ನಿಗೆ, ಗಂಡ ಮೊಂಬಾಸಾಕ್ಕೆ ಹೋದವನು ಪತ್ತೆಯಿಲ್ಲ. ಒಂದು ಬೆಳಿಗ್ಗೆ ಅವಳು ಎಂದಿನಂತೆ ಒಗ್ವೆನೊನ ದೋಣಿಯ ಹತ್ತಿರ ಬುಟ್ಟಿ ಹಿಡಿದಳು. ಅವನು ಬಲೆ ಕೊಡವುತ್ತ ತಲೆ ಎತ್ತದೆ ಹೇಳಿದ:

"ಈಗ ಮೀನಿಗೆ ಅವಸರ ಇಲ್ಲ ಪೆರೆಸ್. ಅದು ಐಸಲ್ಲಿ ಕಾಯುತ್ತೆ. ನೀನೂ ಕಾಯಿ."

"ನಿನ್ನೆ ಸಂಜೆ ಹೀಗಂದಿರಲಿಲ್ಲ ನೀನು."

"ಸಂಜೆಯ ಮಾತು ಸಂಜೆಗೆ."

ದೋಣಿಯಲ್ಲಿದ್ದವರು ನಕ್ಕರು. ಪೆರೆಸ್ ಮೀನಿಲ್ಲದ ಬುಟ್ಟಿಯನ್ನೇ ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದಳು. ಅಂದು ಪ್ಯಾನಲ್ ಒರೆಸುವ ಸರದಿ ಅವಳದೂ ಅಪೋಂಡಿಯದೂ.

ಒರೆಸುತ್ತ ಒರೆಸುತ್ತ ಪೆರೆಸ್ ಅತ್ತಳು. ಅತ್ತು ಮುಗಿದ ಮೇಲೆ, ಬಕೆಟ್ಟಿನ ನೀರು ಚೆಲ್ಲಿ ತೊಯ್ದುಹೋಗಿದ್ದ ಲಂಗದ ಮೇಲೆ ಸುತ್ತಿದ್ದ ತನ್ನ ಲೆಸೊ ಬಟ್ಟೆಯನ್ನು ಸೊಂಟದಿಂದ ಬಿಚ್ಚಿ ಹಿಂಡಿ, ಒಣಗಲೆಂದು ಒಂದು ಪ್ಯಾನಲ್ ಮೇಲೆ ಹರಡಿದಳು. ಇಬ್ಬರೂ ಬೇಲಿಯ ಕಂಬಕ್ಕೆ ಒರಗಿ ಕೂತರು. ಸ್ವಲ್ಪ ಹೊತ್ತಿಗೆ ಅಪೋಂಡಿಯ ಫೋನು ರಿಂಗಾಯಿತು. ನ್ಯೋಕಾಬಿ.

"ಅಕ್ಕ, ಕೆಳಗಿನ ಸಾಲಲ್ಲಿ ಏನೋ ಬಿದ್ದಿದೆಯಾ? ಇಲ್ಲಿ ಕಂಪ್ಯೂಟರಲ್ಲಿ ಕಡಿಮೆ ತೋರಿಸ್ತಿದೆ."

"ಬಟ್ಟೆ ತಂಗಿ. ತೆಗೀತೀವಿ."

ಫೋನಿಟ್ಟ ಅಪೋಂಡಿ ಆ ಲೆಸೊವನ್ನೇ ನೋಡುತ್ತ ಕೂತಳು. ಹೂವಿನ ಚಿತ್ತಾರದ ಹಳೇ ಬಟ್ಟೆ, ಒಂದು ಮೂಲೆ ಹರಿದಿತ್ತು.

"ಪೆರೆಸ್, ನೈರೋಬಿಯಲ್ಲಿ ಕೂತೋರಿಗೆ ನಿನ್ನ ಹರಕು ಲೆಸೊ ಕಾಣುತ್ತೆ ಕಣೇ. ನಮ್ಮ ಖಾಲಿ ಬುಟ್ಟಿ ಮಾತ್ರ ಕಾಣಲ್ಲ."

"ಬುಟ್ಟಿ ತಂದು ಅದರ ಮೇಲಿಡೋಣ ಹಂಗಾದ್ರೆ" ಎಂದಳು ಪೆರೆಸ್, ಮೂಗೊರೆಸಿಕೊಳ್ಳುತ್ತ. ತಮಾಷೆಗೆ ಹೇಳಿದ್ದಳು. ಅಪೋಂಡಿ ತಮಾಷೆಯೆಂದು ತೆಗೆದುಕೊಳ್ಳಲಿಲ್ಲ.

ಅಮಾವಾಸ್ಯೆ ಹತ್ತಿರವಾಗಿ ಒಮೆನಾ ಮೀನು ರಾಶಿ ಬೀಳತೊಡಗಿದ ವಾರ ಅದು. ಮರುದಿನ ಬೆಳಿಗ್ಗೆ ಹೆಂಗಸರು ಎಂದಿನಂತೆ ಒಮೆನಾ ಕೊಂಡರು. ಆದರೆ ಮರಳಿನ ಮೇಲೆ ಬಲೆ ಹಾಸಲಿಲ್ಲ. ಬುಟ್ಟಿ ತಲೆಗೇರಿಸಿ, ಹಾಸುವ ಬಲೆಯ ಸುರುಳಿ ಹೆಗಲಿಗೆ ಹಾಕಿ, ಸಾಲಾಗಿ ಗುಡ್ಡ ಹತ್ತಿದರು. ಬೇಲಿಯ ಬೀಗ ತೆಗೆದರು. ಆ ಪ್ಯಾನಲ್‌ಗಳು ಮಂಚದಂತೆ ಹೆಚ್ಚೂಕಡಿಮೆ ಮಟ್ಟಸವಾಗಿದ್ದವು. ಮೊದಲು ಬಲೆ, ಅದರ ಮೇಲೆ ಮೀನು. ಮೀನು ಸಾಲದ ಕಡೆ ಲೆಸೊ, ಚಾಪೆ, ಚರ್ಚಿಗೆ ಉಡುವ ಬಿಳಿ ಬಟ್ಟೆ. ಬಿಸಿಲೇರುವ ಹೊತ್ತಿಗೆ ನೀಲಿ ಗಾಜಿನ ಒಂದು ಚೂರೂ ಕಾಣದಂತಾಯಿತು. ಗುಡ್ಡವೆಲ್ಲ ಬೆಳ್ಳಿಯಂತೆ ಹೊಳೆಯಿತು, ವಾಸನೆಯೂ ಅಷ್ಟೇ ಜೋರಾಗಿ ಹೊಡೆಯಿತು. ಬೆಳ್ಳಕ್ಕಿಗಳು ಬಂದು ಕೂತವು.

"ಇಷ್ಟು ಚೆನ್ನಾಗಿ ಒಣಗುತ್ತೆ ಅಂತ ಗೊತ್ತಿದ್ರೆ ಮೊದಲೇ ಬರ್ತಿದ್ವಲ್ಲ" ಎಂದಳೊಬ್ಬಳು. "ಮರಳಿಲ್ಲ, ಕೋಳಿಯಿಲ್ಲ. ಇದಪ್ಪ ಸ್ಮಾರ್ಟ್ ವಿಲೇಜು." ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಳಗೊಳಗೆ ಎಲ್ಲರಿಗೂ ಭಯವಿತ್ತು. ಅಪೋಂಡಿ ತನ್ನ ಭಯ ಯಾರಿಗೂ ಗೊತ್ತಾಗದಿರಲೆಂದು ಮೀನು ತಿರುವುತ್ತ ಓಡಾಡಿದಳು. ಫೋನು ರಿಂಗಾಗುತ್ತಲೇ ಇತ್ತು. ಎತ್ತಲಿಲ್ಲ.

ಮಧ್ಯಾಹ್ನಕ್ಕೆ ಟಿ.ವಿ. ಮನೆಯಲ್ಲಿ ಆಟದ ನಡುವೆ ಪರದೆ ಕಪ್ಪಾಯಿತು. ಐಸ್ ಯಂತ್ರ ಗೊರಗೊರ ಸದ್ದು ಮಾಡಿ ನಿಂತಿತು. ಗಂಡಸರು ದಂಡೆಯಿಂದ ತಲೆಯೆತ್ತಿ ಗುಡ್ಡ ನೋಡಿದರು. ಮೊದಲು ಹತ್ತಿ ಬಂದವನು ಒಂಡಿಯೆಕ್, ಅವನ ಹಿಂದೆ ಒಗ್ವೆನೊ, ಇನ್ನೂ ಕೆಲವರು. ಬೇಲಿಗೆ ಒಳಗಿನಿಂದ ಬೀಗ ಬಿದ್ದಿತ್ತು.

"ಏನಿದು?" ಎಂದ ಒಂಡಿಯೆಕ್, ಏದುಸಿರು ಬಿಡುತ್ತ.

"ಮೀನು, ಭಾವ."

"ಅದು ನನಗೂ ಕಾಣುತ್ತೆ. ತೆಗೀರಿ."

"ಒಣಗಿದ ಮೇಲೆ ತೆಗೀತೀವಿ."

"ಪ್ಯಾನಲ್ ಒರೆಸೋಕೆ ನಿಮಗೆ ಬೀಗದ ಕೈ ಕೊಟ್ಟಿದ್ದು."

"ಒರೆಸ್ತೀವಿ. ಒರೆಸಲ್ಲ ಅಂತ ಯಾರಂದ್ರು? ಐಸ್ ಮನೆ ಕೀಲಿ ಬರಲಿ, ಕನ್ನಡಿ ಹಂಗೆ ಒರೆಸಿಕೊಡ್ತೀವಿ."

ಒಂಡಿಯೆಕ್ ತಂತಿ ಹಿಡಿದು ಮುಖ ಹತ್ತಿರ ತಂದ. "ಸೆಮೆಯವಳೇ, ಈ ಗುಡ್ಡ ನನ್ನ ತಮ್ಮಂದು, ನಿಂದಲ್ಲ. ಅವನ ಮನೆಯೋರ ಮಾತು ಕೇಳದ ಹೆಂಗಸಿಗೆ ಅವನ ಮಣ್ಣಿನ ಮೇಲೆ ಯಾವ ಹಕ್ಕೂ ಇಲ್ಲ. ಕುಲದೋರನ್ನ ಸೇರಿಸ್ತೀನಿ. ನಾಳೆ ಈ ಗುಡ್ಡ ಇರಲ್ಲ, ಮನೇನೂ ಇರಲ್ಲ, ತವರಿಗೆ ನಡೀತಿರ್ತೀಯ."

ಅಪೋಂಡಿಗೆ ತನ್ನ ಹೆಣ್ಣುಮಕ್ಕಳಿಬ್ಬರೂ ಕಣ್ಣ ಮುಂದೆ ಬಂದರು. ಆದರೂ ಮಾತು ಬಾಯಿಂದ ಬಂತು. "ಸೇರಿಸಿ ಭಾವ. ಎಲ್ಲರೂ ಇಲ್ಲಿಗೇ ಬರಲಿ. ಕೂರೋಕೆ ಜಾಗ ಇದೆ, ಊಟಕ್ಕೆ ಮೀನಿದೆ."

ಗಂಡಸರು ಕೆಳಗಿಳಿದರು. ಹೆಂಗಸರು ಅಲ್ಲೇ ಒಲೆ ಹೂಡಿ ಜೋಳದ ಮುದ್ದೆ ತಿರುವಿದರು.

ಮರುದಿನ ಬೆಳಿಗ್ಗೆ ಬೇಲಿಯ ಹೊರಗೆ ಕೋಲೂರಿಕೊಂಡು ಬಂದು ನಿಂತವಳು ಅತ್ತೆ. ಬೆನ್ನು ಬಾಗಿದ ಮುದುಕಿ, ತಲೆಯ ಮೇಲೆ ಸಣ್ಣ ಬುಟ್ಟಿ. ಅಪೋಂಡಿ ಬೀಗ ತೆಗೆಯುತ್ತ ಬೈಗುಳಕ್ಕೆ ಸಿದ್ಧಳಾದಳು. ಬೈಗುಳ ಬಂತು ಕೂಡ.

"ನಿನ್ನ ಮೇಲೆ ನನಗೆ ಸಿಟ್ಟಿದೆ. ಅದು ಹಂಗೇ ಇರುತ್ತೆ, ಅದನ್ನ ಆಮೇಲೆ ನೋಡ್ಕೋತೀನಿ. ದಾರಿ ಬಿಡು." ಮುದುಕಿ ಒಳಗೆ ಬಂದು ಸುತ್ತ ನೋಡಿದಳು. "ನನ್ನ ಗಂಡ ಈ ಗುಡ್ಡಾನ ನನಗೆ ಮೇಕೆ ಮೇಯಿಸೋಕೆ ಅಂತ ತೋರಿಸಿದ್ದು. ಆಗ ನೀವ್ಯಾರೂ ಹುಟ್ಟಿರಲಿಲ್ಲ. ಎಲ್ಲಿ, ನನ್ನ ಒಮೆನಾ ಹರಡೋಕೆ ಜಾಗ ಬಿಡಿ."

ಪೆರೆಸ್ ಒಂದು ಚಾಪೆ ಸರಿಸಿದಳು. ಮುದುಕಿ ಮೀನು ಹರಡಿ, ಪ್ಯಾನಲ್‌ನ ಕೆಳಗಿನ ನೆರಳಿನಲ್ಲಿ ಕಾಲು ಚಾಚಿ ಕೂತಳು. ಸೊಸೆಯ ಕಡೆ ಮತ್ತೆ ನೋಡಲಿಲ್ಲ.

ಹೊತ್ತೇರುವಷ್ಟರಲ್ಲಿ ನ್ಯೋಕಾಬಿ ಬಂದಳು, ಬೋಡಾ ಎನ್ನುವ ಬಾಡಿಗೆ ಬೈಕಿನ ಹಿಂದೆ ಕೂತು, ಮೈಯೆಲ್ಲ ಕೆಂಪು ಧೂಳಾಗಿ. ಊರ ಮುಖ್ಯಸ್ಥ ಟೋಪಿ ಹಾಕಿಕೊಂಡು ಬಂದ. ಒಂಡಿಯೆಕ್ ಮತ್ತೆ ಬಂದ, ಗಂಡಸರೂ ಬಂದರು. ನ್ಯೋಕಾಬಿ ಪ್ಯಾನಲ್ ಸಾಲು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಗಾಬರಿಗೋ ನಗುವಿಗೋ ಹೇಳಲಾಗುತ್ತಿರಲಿಲ್ಲ.

"ಅಕ್ಕ, ಮುಂದಿನ ವಾರ ಹೊರದೇಶದಿಂದ ದುಡ್ಡು ಕೊಟ್ಟೋರು ಬರ್ತಿದ್ದಾರೆ. ಇದನ್ನ ನೋಡಿದ್ರೆ ನನ್ನ ಕೆಲಸ ಹೋಗುತ್ತೆ."

"ಅವರು ಏನು ನೋಡೋಕೆ ಬರ್ತಿದ್ದಾರೆ?"

"ಐಸ್ ಮನೆ... ಹೆಂಗಸರು ನಡೆಸ್ತಿರೋ ಐಸ್ ಮನೆ ಅಂತ."

ಪೆರೆಸ್ "ಹಾಗಾದ್ರೆ ಅವರಿಗೆ ಸುಳ್ಳು ಹೇಳಿರೋದು ನಾವಲ್ಲವಲ್ಲ" ಎಂದಳು.

ನ್ಯೋಕಾಬಿ ತಲೆ ತಗ್ಗಿಸಿದಳು. ಮುಖ್ಯಸ್ಥ ಗಂಟಲು ಸರಿಪಡಿಸಿಕೊಂಡು, ಪೊಲೀಸರನ್ನು ಕರೆಸಬೇಕಾಗುತ್ತದೆ ಎಂದ.

"ಕರೆಸಿ ಸ್ವಾಮಿ" ಎಂದಳು ಅಪೋಂಡಿ. "ಏನಂತ ಬರೀತಾರೆ? ಹೆಂಗಸರು ಅವರದೇ ಗುಡ್ಡದ ಮೇಲೆ ಮೀನು ಒಣಗಿಸಿದ್ರು ಅಂತಾನಾ? ಒಂದು ಗಾಜು ಒಡೆದಿಲ್ಲ, ಒಂದು ತಂತಿ ಕಿತ್ತಿಲ್ಲ. ಇಷ್ಟು ವರ್ಷ ಈ ದಂಡೇಲಿ ನಮ್ಮ ಮೈಗೆ ಬೆಲೆ ಕಟ್ಟಿ ಮೀನು ಕೊಟ್ರಲ್ಲ, ಆಗ ಯಾವ ಪೊಲೀಸರನ್ನ ಕರೆಸಿದ್ರಿ ನೀವು? ಮರದ ಕೆಳಗೆ ಎಲ್ಲರೆದುರು ಕೊಟ್ಟ ಮಾತಿದೆ. ಅಷ್ಟನ್ನೇ ಕೇಳ್ತಿದ್ದೀವಿ. ಹೆಚ್ಚಿಗೆ ಒಂದು ಗುಲಗಂಜಿಯಷ್ಟೂ ಬೇಡ."

ಗಂಡಸರು ನೆಲ ನೋಡಿದರು. ಆ ವಿಷಯವನ್ನು ಬಿಸಿಲಿನಲ್ಲಿ, ಹೊರಗಿನವರ ಎದುರು, ಹೆಸರಿಟ್ಟು ಯಾರೂ ಹೇಳಿದ್ದಿಲ್ಲ.

"ಅವಳ ಬಾಯಿ ಮುಚ್ಚಿಸು ಅವ್ವಾ" ಎಂದ ಒಂಡಿಯೆಕ್, ನೆರಳಲ್ಲಿ ಕೂತ ತಾಯಿಗೆ.

ಮುದುಕಿ ತಲೆಯೆತ್ತಿದಳು. ಒಂಡಿಯೆಕ್ ಎಂದರೆ ಆ ಊರವರ ನುಡಿಯಲ್ಲಿ ಕತ್ತೆಕಿರುಬ. "ನಿನಗಿಂತ ಮುಂಚೆ ಹುಟ್ಟಿದ ಮಕ್ಕಳೆಲ್ಲ ಸತ್ತುಹೋದ್ವು ಅಂತ, ಸಾವು ಹೆದರಿ ಓಡ್ಲಿ ಅಂತ ನಿನಗೆ ಆ ಹೆಸರಿಟ್ಟೆ ಮಗಾ. ಹೆಂಗಸರನ್ನ ಹೆದರಿಸು ಅಂತ ಅಲ್ಲ. ಕೀಲಿ ತಾ."

ಒಂಡಿಯೆಕ್ ಮಿಸುಕಲಿಲ್ಲ. ಕೆಳಗೆ ದಂಡೆಯಲ್ಲಿ ಕಿಸುಮುವಿನ ಲಾರಿ ಹಾರ್ನು ಹೊಡೆಯುತ್ತಿತ್ತು. ಚಾಲಕ ಮೀನಿನ ಪೆಟ್ಟಿಗೆ ತೆರೆದು ಮೂಸಿ, ಮೂಗು ಮುಚ್ಚಿಕೊಂಡು ಹಿಂದೆ ಸರಿದದ್ದು ಮೇಲಿನಿಂದಲೇ ಕಂಡಿತು. ಒಗ್ವೆನೊ ಅದನ್ನು ನೋಡಿ ಅಧ್ಯಕ್ಷನ ಕಡೆ ತಿರುಗಿದ. "ಕೊಟ್ಬಿಡಿ ಅತ್ಲಾಗೆ. ನನ್ನ ಮೀನು ಕೊಳೀತಿದೆ."

ನ್ಯೋಕಾಬಿ ಫೋನು ಹಿಡಿದು ದೂರ ಹೋಗಿ ಯಾರೊಡನೆಯೋ ಬಹಳ ಹೊತ್ತು ಮಾತಾಡಿದಳು. ತಿರುಗಿ ಬಂದು, ಮೈಕಿಲ್ಲದೆ, ಎಲ್ಲರಿಗೂ ಕೇಳುವಂತೆ ಹೇಳಿದಳು: ಐಸ್ ಮನೆ ಹೆಂಗಸರ ಸಂಘದ್ದು, ಇವತ್ತಿನಿಂದ. ಒಪ್ಪದಿದ್ದರೆ ಯಂತ್ರ ಬಿಚ್ಚಿ ಬೇರೆ ದಂಡೆಗೆ ಒಯ್ಯುತ್ತೇವೆ.

ಒಂಡಿಯೆಕ್ ಜೇಬಿನಿಂದ ಕೀಲಿ ತೆಗೆದ. ಅಪೋಂಡಿ ಕೈ ಚಾಚಿದ್ದಳು. ಅವನು ಆ ಕೈಗೆ ಕೊಡಲಿಲ್ಲ. ನೆಲಕ್ಕೆ ಹಾಕಿ ನಡೆದುಬಿಟ್ಟ. ಅಪೋಂಡಿ ಬಗ್ಗುವುದರೊಳಗೆ ಮುದುಕಿ ಕೋಲಿನಿಂದ ಅದನ್ನು ತನ್ನ ಕಡೆ ಎಳೆದುಕೊಂಡು, ತನ್ನ ಲೆಸೊವಿನ ತುದಿಗೆ ಗಂಟು ಹಾಕಿಕೊಂಡಳು.

"ಇದು ನನ್ನ ಹತ್ರ ಇರುತ್ತೆ. ಬೆಳಿಗ್ಗೆ ಬೆಳಿಗ್ಗೆ ಬಂದು ಕೇಳಿ, ಕೊಡ್ತೀನಿ."

ಅಪೋಂಡಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಂಗಸರು ಮೀನು ಬಾಚಿ, ಬಲೆ ಸುತ್ತಿ, ಬಕೆಟ್ಟು ತಂದರು. ಮೀನಿನ ಜಿಡ್ಡೂ ಹಕ್ಕಿಯ ಹಿಕ್ಕೆಯೂ ಹೋಗುವ ತನಕ ತಿಕ್ಕುವಷ್ಟರಲ್ಲಿ ಸಂಜೆಯಾಯಿತು.

ಎಲ್ಲವೂ ಸರಿಹೋಯಿತು ಎನ್ನುವಂತಿರಲಿಲ್ಲ. ಕೆಲವು ದೋಣಿಯವರು ಸಿಟ್ಟಿಗೆ ಪಕ್ಕದ ದಂಡೆಗೆ ಹೋಗಿ ಮೀನು ಇಳಿಸಿದರು. ಅಲ್ಲಿ ಐಸ್ ಇಲ್ಲದೆ, ಒಬ್ಬೊಬ್ಬರಾಗಿ ಮಾತಿಲ್ಲದೆ ವಾಪಸ್ಸು ಬಂದರು. ಒಂಡಿಯೆಕ್ ಗುಡ್ಡದ ವಿಷಯವನ್ನು ಕುಲದ ಹಿರಿಯರ ಮುಂದೆ ಇಟ್ಟ. ಅದು ಇನ್ನೂ ತೀರ್ಮಾನವಾಗಿಲ್ಲ. ಅಪೋಂಡಿ ಪ್ರತಿ ಸಲವೂ ಕರೆದಾಗ ಹೋಗಿ, ಹೇಳಿದ್ದನ್ನೇ ಹೇಳಿ ಬರುತ್ತಾಳೆ. ದಿನಾ ಬೆಳಿಗ್ಗೆ ಕೀಲಿಗೆಂದು ಅತ್ತೆಯ ಬಾಗಿಲಲ್ಲಿ ನಿಂತಾಗ ಒಂದಷ್ಟು ಬೈಗುಳ ಕೇಳಿಸಿಕೊಳ್ಳುತ್ತಾಳೆ. ಒಮ್ಮೊಮ್ಮೆ ಚಹಾ ಸಿಗುತ್ತದೆ.

ಆದರೆ ದಂಡೆಯಲ್ಲಿ ಐಸ್ ಬೇಕಾದವನು ಸಾಲಿನಲ್ಲಿ ನಿಲ್ಲಬೇಕು, ಮೀನನ್ನು ತಕ್ಕಡಿಗೆ ಹಾಕಿಯೇ ಮಾರಬೇಕು ಎಂದಾಯಿತು. ಒಗ್ವೆನೊ ಮೊದಮೊದಲು ಆಳನ್ನು ಕಳಿಸಿ ನೋಡಿದ. "ಮಾಲೀಕರೇ ಬರಲಿ" ಎಂದು ಅಪೋಂಡಿ ವಾಪಸ್ಸು ಕಳಿಸಿದಳು. ಕೊನೆಗೆ ಅವನೇ ಬಂದ. ಪೆರೆಸ್ ಅವನ ದೋಣಿಯ ಜಿಲೇಬಿ ಮೀನು ತೂಗಿಸಿ, ದುಡ್ಡು ಎಣಿಸಿಕೊಟ್ಟು, ಬುಟ್ಟಿ ತಲೆಗೇರಿಸಿದಳು. ಅವನು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ:

"ಸಂಜೆ ಬರ್ತೀಯಾ?"

"ಸಂಜೆ ನಾನು ಐಸ್ ಒಡೀಬೇಕು" ಎಂದಳು ಪೆರೆಸ್, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಬೇಕಾದ್ರೆ ನೀನು ಬಾ. ಇನ್ನೊಂದು ಸುತ್ತಿಗೆ ಇದೆ."